ಗುರುವಾರದ ಸೋಡಾ ಗಾಡಿ

ಹೋದ ತಿಂಗಳು ದೇವದುರ್ಗಕ್ಕೆ ಹೋಗಬೇಕಾಗಿ ಬಂತು. ನನ್ನ ಹತ್ತಿರ ಮಗ್ಗಿ ಕಲಿತ ಹುಡುಗಿಯೊಬ್ಬಳು ಹೊಸ ಮನೆ ಕಟ್ಟಿಸಿದ್ದಾಳೆ. ಹುಡುಗಿ ಅನ್ನುತ್ತಿದ್ದೇನೆ, ಅವಳಿಗೇ ಈಗ ಮೊಮ್ಮಗ ಹುಟ್ಟಿದ್ದಾನೆ. "ಅಕ್ಕೋರೇ, ನೀವು ಬರಲಿಲ್ಲಂದ್ರ ನಾ ಹಾಲು ಉಕ್ಕಿಸಂಗಿಲ್ಲ ನೋಡ್ರಿ" ಎಂದು ಫೋನಿನಲ್ಲಿ ಹಟ ಹಿಡಿದಳು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತಾರೆ. ನೌಕರಿ ಮುಗಿದು ಇಷ್ಟು ವರ್ಷವಾದರೂ ಆ ಹೆಸರು ಮಾತ್ರ ನಿವೃತ್ತಿಯಾಗಿಲ್ಲ.

ರಾಯಚೂರಿನಿಂದ ಬಾಡಿಗೆ ಕಾರು ಮಾಡಿಕೊಂಡು ಹೊರಟೆ. ಗಬ್ಬೂರು ದಾಟಿ ಒಂದು ಏರಿನಲ್ಲಿ ಹತ್ತಿ ಹೇರಿದ ಲಾರಿಯೊಂದು ಮುಂದೆ ಸಿಕ್ಕಿತು. ಅದು ತೆವಳುತ್ತಿದೆ, ಅದರ ಹಿಂದೆ ನಮ್ಮದೂ ತೆವಳುತ್ತಿದೆ. ಸ್ವಲ್ಪ ಹೊತ್ತಿಗೆ ಕಾರಿನೊಳಗೆ ಒಂದು ವಾಸನೆ ಬಂತು. ಸುಟ್ಟ ರಬ್ಬರು, ಸುಟ್ಟ ಕೂದಲು, ಹೆಂಚಿನ ಮೇಲೆ ಮರೆತ ಜೋಳದ ರೊಟ್ಟಿ, ಮೂರನ್ನೂ ಕೂಡಿಸಿದರೆ ಬರುವಂಥ ವಾಸನೆ. ನನ್ನ ಬಾಯಿಂದ ತಾನಾಗಿಯೇ ಮಾತು ಬಂದುಬಿಟ್ಟಿತು.

"ತಮ್ಮಾ, ಕ್ಲಚ್ ಮ್ಯಾಲಿನ ಕಾಲು ತಗಿಯಪ್ಪ. ಪ್ಲೇಟು ಸುಡಾಕತ್ತದ."

ಡ್ರೈವರು ಮೂವತ್ತೈದು ದಾಟಿದವನು, ದಪ್ಪ ಮೀಸೆ. ಕನ್ನಡಿಯಲ್ಲಿ ನನ್ನನ್ನು ಒಮ್ಮೆ ನೋಡಿ, ತನ್ನ ಕಾಲನ್ನು ಒಮ್ಮೆ ನೋಡಿಕೊಂಡ. "ಅಮ್ಮಾ, ನಿಮಗ ಗಾಡಿ ಬರ್ತದೇನ್ರೀ?" ಎಂದು ಕೇಳಿದ. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಕಣ್ಣಿಗೆ ಹೊಗೆ ಹೋಗಿರಬೇಕು ಎಂದುಕೊಂಡು ಅವನು ಗ್ಲಾಸು ಇಳಿಸಿದ. ಹೊಗೆಯೇ ಇರಲಿಲ್ಲ.

ಸ್ಟೇರಿಂಗನ್ನು ನಾನು ಜನ್ಮದಲ್ಲಿ ಮುಟ್ಟಿಲ್ಲ. ಆದರೆ ಕ್ಲಚ್ ಪ್ಲೇಟು ಹೇಗಿರುತ್ತದೆ, ಅದರ ಮೇಲಿನ ಪಟ್ಟಿ ಸವೆದಾಗ ರಿವಿಟ್ಟು ಹೇಗೆ ಹಲ್ಲು ಕಿರಿಯುತ್ತದೆ, ಸುಟ್ಟ ಪ್ಲೇಟು ಬೆರಳಿಗೆ ಹೇಗೆ ಮಸಿ ಹತ್ತಿಸುತ್ತದೆ, ಇದೆಲ್ಲ ನನಗೆ ಗೊತ್ತು. ಒಂದು ದಸರೆಯಿಂದ ಒಂದು ಯುಗಾದಿಯವರೆಗೆ ನಾನು ಓದಿದ್ದು ಇದನ್ನೇ. ಎಪ್ಪತ್ತರ ದಶಕ ಮುಗಿದು ಎಂಬತ್ತು ಹಿಡಿಯುವ ಹೊತ್ತು ಅದು. ಆ ವರ್ಷ ನನ್ನ ಸಂಸಾರ ನಿಂತದ್ದೇ ಒಂದು ಹಳೆಯ ಪಿಕಪ್ ಗಾಡಿಯ ಕ್ಲಚ್ಚಿನ ಮೇಲೆ.

ಮೇ ತಿಂಗಳಲ್ಲಿ ಮದುವೆ, ಜುಲೈನಲ್ಲಿ ನೌಕರಿಯ ಆರ್ಡರು. ಹುಡುಗಿ ಪುಣ್ಯವಂತೆ, ಒಂದೇ ವರ್ಷದಲ್ಲಿ ಎರಡೂ ಬಂದವು ಎಂದರು ಜನ. ಗಂಡ ರಾಯಚೂರಿನಲ್ಲಿ, ನೌಕರಿ ದೇವದುರ್ಗದಲ್ಲಿ. ಮೂರು ವರ್ಷ ವರ್ಗಾವಣೆಯ ಮಾತೆತ್ತುವ ಹಾಗಿಲ್ಲ. ಇದೆಂಥ ಪುಣ್ಯವಪ್ಪಾ ಎಂದು ನಾನು ಟ್ರಂಕು ಹೊತ್ತುಕೊಂಡು ಬಸ್ಸು ಹತ್ತಿದ್ದೆ.

ನಮ್ಮವರ ಹೆಸರು ಹೇಳಲು ನನಗೆ ಇವತ್ತಿಗೂ ನಾಲಿಗೆ ಏಳುವುದಿಲ್ಲ. ಊರೆಲ್ಲ ಬಸಣ್ಣ ಅನ್ನುತ್ತಿತ್ತು ಎಂದಷ್ಟೇ ಬರೆಯುತ್ತೇನೆ. ರಾಯಚೂರಿನ ಕಾಳಿನ ಮಾರುಕಟ್ಟೆ ಗಂಜಿನ ಹಿಂದೆ ಒಂದು ಗೋಲಿ ಸೋಡಾ ಫ್ಯಾಕ್ಟರಿ ಇತ್ತು. ಫ್ಯಾಕ್ಟರಿ ಎಂದರೆ ಒಂದು ತಗಡಿನ ಛಪ್ಪರ, ಒಂದು ಗ್ಯಾಸಿನ ಸಿಲಿಂಡರು, ಬಾಟ್ಲಿ ತಿರುಗಿಸುವ ಒಂದು ಯಂತ್ರ. ಅದರ ಸಾವುಕಾರರು ಹೈದರಾಬಾದಿನ ಹರಾಜಿನಲ್ಲಿ ಯಾವುದೋ ಕಚೇರಿಯ ಹಳೇ ಪಿಕಪ್ ಗಾಡಿ ಹಿಡಿದು ತಂದಿದ್ದರು. ನಮ್ಮವರು ಅದರ ಡ್ರೈವರು. ಭಾನುವಾರ ಗದ್ವಾಲದ ಲೈನು, ಉಳಿದ ದಿನ ಸುತ್ತಲಿನ ಹಳ್ಳಿಗಳು. ಗುರುವಾರ ಮಾತ್ರ ನಮ್ಮ ಲೈನು.

ಗುರುವಾರ ನಸುಕಿನಲ್ಲಿ ರಾಯಚೂರು ಬಿಟ್ಟರೆ ಮಾನ್ವಿಯಲ್ಲಿ ಅರ್ಧ ಮಾಲು ಇಳಿಸಿ, ಸಿರವಾರದ ಮೇಲೆ ಹಾದು ಮಧ್ಯಾಹ್ನ ಮೂರರ ಸುಮಾರಿಗೆ ದೇವದುರ್ಗ. ಅಲ್ಲಿನ ಹೋಟೆಲ್ಲು, ಪಾನ್ ಡಬ್ಬಿಗಳಿಗೆ ಸೋಡಾ ಹಾಕಿ, ರಾತ್ರಿ ನನ್ನ ಬಾಡಿಗೆ ಖೋಲಿಯಲ್ಲಿ ಉಳಿದು, ಶುಕ್ರವಾರ ಬೆಳಿಗ್ಗೆ ಖಾಲಿ ಬಾಟ್ಲಿ ತುಂಬಿಕೊಂಡು ಗಬ್ಬೂರಿನ ಮೇಲೆ ವಾಪಸು. ವಾರಕ್ಕೆ ಅದೊಂದೇ ದಿನ ನಾವು ಗಂಡ ಹೆಂಡತಿ.

ರಜೆಯ ದಿನ ನೀವೇ ಬಸ್ಸಿಗೆ ಹೋಗಬಹುದಿತ್ತಲ್ಲ ಎಂದು ಕೇಳಬೇಡಿ. ಹೋಗಿ ನೋಡಿದ್ದೇನೆ. ಭಾನುವಾರ ಅವರು ಗದ್ವಾಲಕ್ಕೆ ಹೋಗಿರುತ್ತಿದ್ದರು. ಎರಡು ಕೋಣೆಯ ಆ ಮನೆಯಲ್ಲಿ ಅತ್ತೆ, ಭಾವ, ನೆಗೆಣ್ಣಿ, ಅವರ ನಾಲ್ಕು ಮಕ್ಕಳು. ಇಡೀ ದಿನ ಅತ್ತೆಯ ಜೊತೆ ಕುಳಿತು ಜೋಳ ಹಸನು ಮಾಡಿ, ಸಂಜೆ ಬಸ್ಸಿಗೆ ತಿರುಗಿ ಬಂದಿದ್ದೇನೆ. ಜೋಳ ಹಸನಾಯಿತು, ನನ್ನ ಮನಸ್ಸು ಹಸನಾಗಲಿಲ್ಲ.

ನನ್ನ ತರಗತಿ ರಸ್ತೆಯ ಪಕ್ಕಕ್ಕೇ ಇತ್ತು. ಸೋಡಾ ಗಾಡಿ ಬರುವುದು ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಕೇಳುತ್ತಿತ್ತು. ತುಂಬಿದ ಬಾಟ್ಲಿಗಳದ್ದು ಮಂದವಾದ ಧಡಧಡ ಸದ್ದು. ಮಕ್ಕಳು "ಅಕ್ಕೋರೇ, ಸೋಡಾ ಗಾಡಿ ಬಂತ್ರೀ!" ಎಂದು ಕೂಗುತ್ತಿದ್ದರು. "ಬಂದ್ರ ಬರ್ಲಿ, ನೀವು ಲೆಕ್ಕ ಬರೀರಿ" ಎಂದು ಗದರಿಸಿ, ಬೋರ್ಡಿನ ಕಡೆ ತಿರುಗಿ, ಏಳೆಂಟಲಿ ಅರವತ್ತಾರು ಎಂದು ಬರೆದಿದ್ದೇನೆ ನಾನು. ಶುಕ್ರವಾರ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಅದೇ ಗಾಡಿ ಅದೇ ರಸ್ತೆಯಲ್ಲಿ ಹೋಗುತ್ತಿತ್ತು. ಆಗ ಖಾಲಿ ಬಾಟ್ಲಿ ಘಲಘಲ ಅನ್ನುತ್ತಿದ್ದವು. ಕೇಳುವವರಿಗೆ ಅದು ಚೆಂದದ ಸದ್ದು. ನಾನು ಅದನ್ನು ಕೇಳುತ್ತ ಮುಂದಿನ ಗುರುವಾರಕ್ಕೆ ದಿನ ಎಣಿಸಲು ಶುರುಮಾಡುತ್ತಿದ್ದೆ.

ಬರುವಾಗ ನಮ್ಮವರು ಮಾನ್ವಿಯಿಂದ ಒಂದು ಸೇರು ಅಕ್ಕಿಯನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು ಬರುತ್ತಿದ್ದರು. ಕಾಲುವೆ ನೀರಿನ ಅಕ್ಕಿ, ಬೇಯುವಾಗಲೇ ಘಮ ಬರುತ್ತಿತ್ತು. ವಾರವೆಲ್ಲ ರೊಟ್ಟಿ, ಗುರುವಾರ ಅನ್ನ. ಉಂಡು ಒಂದೇ ಬಾಟ್ಲಿಯ ಗೋಲಿಯನ್ನು ಟಪ್ಪೆಂದು ಒತ್ತಿ ಇಬ್ಬರೂ ಲಿಂಬು ಸೋಡಾ ಕುಡಿಯುತ್ತಿದ್ದೆವು. ಅವರು ನನ್ನನ್ನು ಅಕ್ಕೋರೇ ಎಂದೇ ಚೇಷ್ಟೆ ಮಾಡುತ್ತಿದ್ದರು. "ಅಕ್ಕೋರೇ, ಇನ್ನೊಂದ್ ತುತ್ತು ಹಾಕ್ರೀ, ಇಲ್ಲಂದ್ರ ನಾಳಿ ಸಾಲಿಗಿ ಬರಂಗಿಲ್ಲ."

ದಸರೆ ರಜೆಗೆ ರಾಯಚೂರಿಗೆ ಹೋದೆ. ಮಹಾನವಮಿಯ ದಿನ ಗಾಡಿಗೆ ಪೂಜೆ. ಹೊಸ ಸೊಸೆಯ ಉಮೇದು, ಕೇಳಬೇಕೆ? ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನಾಲ್ಕು ಕೊಡ ನೀರು ಹಾಕಿ ಗಾಡಿಯ ಒಳಹೊರಗೆಲ್ಲ ತೊಳೆದೆ. ಡ್ರೈವರು ಕಾಲಿಡುವ ಜಾಗದಲ್ಲಿ ಟೈರಿನ ರಬ್ಬರು, ಅದರ ಮೇಲೆ ಗೋಣಿಚೀಲ, ಅದರ ಮೇಲೆ ಎಷ್ಟೋ ವರ್ಷದ ಎಣ್ಣೆ ಜಿಡ್ಡು ಕೂಡಿದ ಒಂದು ಹಾಸು ಇತ್ತು. ಎತ್ತಿದರೆ ಕೈಗೆ ಅಂಟುತ್ತಿತ್ತು, ನಾರುತ್ತಿತ್ತು. "ಅಯ್ಯ ಶಿವನೇ, ಲಕ್ಷ್ಮಿ ಮ್ಯಾಲ ಎಂಥಾ ಹೊಲಸು ಹಾಸ್ಯಾರ" ಎಂದು ಎಳೆದು ತಿಪ್ಪೆಗೆ ಎಸೆದುಬಿಟ್ಟೆ. ತಗಡನ್ನು ಬೂದಿ ಹಾಕಿ ತಿಕ್ಕಿದೆ. ಮೂರೂ ಪೆಡಲುಗಳಿಗೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಹೂ ಇಟ್ಟೆ.

ನಮ್ಮವರು ಬಂದು ನೋಡಿದರು. "ಹಾಸು ಎಲ್ಲಿ?" ಎಂದರು.

"ಒಗದೀನ್ರಿ. ಇನ್ನ ಮ್ಯಾಲ ಚಪ್ಪಲಿ ಹಾಕ್ಕೊಂಡು ಗಾಡ್ಯಾಗ ಕಾಲಿಡಬ್ಯಾಡ್ರಿ. ನಮಗ ಅನ್ನ ಹಾಕೋ ಲಕ್ಷ್ಮಿ ಅದು."

ನಾನು ಹೇಳಿದ್ದು ಹೊಸದೇನಲ್ಲ. ನಮ್ಮ ಕಡೆ ಬಂಡಿಯ ನೊಗ ದಾಟುವುದಿಲ್ಲ, ಕುಂಟೆಗೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಎಷ್ಟೋ ಡ್ರೈವರುಗಳು ಚಪ್ಪಲಿಯನ್ನು ಸೀಟಿನ ಹಿಂದೆ ಇಟ್ಟೇ ಗಾಡಿ ಓಡಿಸುತ್ತಿದ್ದರು. ಅವರು ಒಮ್ಮೆ ಆ ಥಳಥಳಿಸುವ ತಗಡನ್ನು ನೋಡಿ, ಒಮ್ಮೆ ನನ್ನ ಮುಖ ನೋಡಿ ನಕ್ಕರು. "ಅಕ್ಕೋರು ಹೇಳಿದ ಮ್ಯಾಲ ಮುಗೀತು" ಎಂದು ಚಪ್ಪಲಿಯನ್ನು ಪೇಪರಿನಲ್ಲಿ ಸುತ್ತಿ ಸೀಟಿನ ಹಿಂದೆ ಇಟ್ಟರು. ಮರುದಿನ ಬನ್ನಿ ಕೊಟ್ಟು, ಬಂಗಾರದಂಗ ಇರೋಣು ಎಂದೆವು. ನಾನು ದೇವದುರ್ಗಕ್ಕೆ ತಿರುಗಿ ಬಂದೆ.

ದೀಪಾವಳಿ ಕಳೆದು ಹದಿನೈದು ದಿನವಾಗಿರಬೇಕು. ಒಂದು ಗುರುವಾರ ಮೂರು ಗಂಟೆಯಾಯಿತು, ನಾಲ್ಕಾಯಿತು, ಶಾಲೆ ಬಿಟ್ಟಿತು, ಗಾಡಿ ಬರಲಿಲ್ಲ. ಅನ್ನಕ್ಕೆಂದು ಎಸರಿಟ್ಟು, ಎಸರು ಬತ್ತಿ, ಮತ್ತೆ ನೀರು ಹಾಕಿದೆ. ಮರುದಿನ ಬಸ್ಸಿನ ಕಂಡಕ್ಟರನ ಕೈಯಲ್ಲಿ ಚೀಟಿ ಬಂತು. ಸಿರವಾರದ ಹತ್ತಿರ ಕ್ಲಚ್ ಪ್ಲೇಟು ಸುಟ್ಟಿದೆ, ಗಾಡಿಯನ್ನು ಲಾರಿಗೆ ಕಟ್ಟಿಕೊಂಡು ರಾಯಚೂರಿಗೆ ಒಯ್ದಿದ್ದೇವೆ, ಚಿಂತೆ ಮಾಡಬೇಡ ಎಂದು. ಕ್ಲಚ್ ಎಂಬ ಶಬ್ದವನ್ನು ನಾನು ಮೊದಲು ಓದಿದ್ದು ಆ ಚೀಟಿಯಲ್ಲಿ.

ಸವೆದ ಪ್ಲೇಟಿಗೆ ಹೊಸ ಪಟ್ಟಿ ರಿವಿಟ್ಟು ಹೊಡೆಸಲು ಹೈದರಾಬಾದಿಗೆ ಕಳಿಸಬೇಕಿತ್ತು. ಹೋಗಿ ಬರಲು ಹತ್ತು ಹನ್ನೆರಡು ದಿನ. ಅಂದರೆ ಒಂದು ಕ್ಲಚ್ಚಿಗೆ ನನ್ನ ಎರಡು ಗುರುವಾರ ಹೋಗುತ್ತಿದ್ದವು. ಎರಡನೆಯ ಸಲ ಸುಟ್ಟದ್ದು ಮಾನ್ವಿಯಲ್ಲಿ, ಭತ್ತದ ಸುಗ್ಗಿಯಲ್ಲಿ. ರಸ್ತೆಯ ತುಂಬ ಭತ್ತದ ಬಂಡಿಗಳು, ನಡುವೆ ಗಾಡಿ ನಿಂತು, ಎಂಜಿನ್ನು ಬೊಬ್ಬೆ ಹೊಡೆದರೂ ಗಾಲಿ ತಿರುಗಲಿಲ್ಲವಂತೆ. ಹಮಾಲರು ನೂಕಿ ಪಕ್ಕಕ್ಕೆ ಹಾಕಿದರಂತೆ. ಮೂರನೆಯದು ಸಂಕ್ರಾಂತಿ ಕಳೆದ ಮೇಲೆ, ದೇವದುರ್ಗ ಇನ್ನೇನು ಎರಡು ಮೈಲಿ ಇರುವಾಗ. ಅವತ್ತು ಅವರು ನಡೆದುಕೊಂಡು ಬಂದರು. ಶಾಲೆಯ ಕಿಟಕಿಯಲ್ಲಿ ಸದ್ದಿಲ್ಲದೆ ಬಂದು ನಿಂತ ಅವರನ್ನು ನೋಡಿ ಮಕ್ಕಳು, "ಅಕ್ಕೋರೇ, ಗಾಡಿ ಇಲ್ಲದ ಸೋಡಾ ಮಾಮಾ ಬಂದಾರ್ರೀ" ಎಂದರು. ನಗು ಬರಬೇಕಿತ್ತು. ನನಗೆ ಸಿಟ್ಟು ಬಂತು.

ಮನೆಗೆ ಬಂದವರೇ ಸಾವುಕಾರರ ಮಾತು ಹೇಳಿದರು. ಹಿಂದಿನ ಸಲವೇ ಅವರು ಖಡಕ್ಕಾಗಿ ಹೇಳಿಬಿಟ್ಟಿದ್ದರಂತೆ. "ಬಸಣ್ಣ, ಸುಗ್ಯಾಗ ಒಮ್ಮಿ ಹೋತು, ಅದಕ್ಕಿಂತ ಮೊದಲೂ ಹೋತು. ಇನ್ನ ಎರಡ ಸಲ ನೋಡ್ತೀನಿ. ಆಮ್ಯಾಲ ಆ ಲೈನ ಬಂದ್. ದೇವದುರ್ಗದ ಬಾಟ್ಲಿ ಬಸ್ಸಿನ ಮ್ಯಾಲ ಹಾಕಿ ಕಳಸ್ತೀನಿ." ಎರಡರಲ್ಲಿ ಒಂದು ಇವತ್ತು ಮುಗಿದಿತ್ತು. ಇನ್ನೊಂದು ಸಲ ಸುಟ್ಟರೆ ಗುರುವಾರವೆಂಬುದೇ ಇಲ್ಲ.

ಫ್ಯಾಕ್ಟರಿಯಲ್ಲಿ ಎಲ್ಲರೂ ಚೇಷ್ಟೆ ಮಾಡುತ್ತಿದ್ದರಂತೆ. ಹೊಸಾ ಮದುವಿ, ಹೇಂತಿ ಕಡೆ ಓಡೋ ಗಾಡಿಗಿ ಕ್ಲಚ್ ಎಲ್ಲಿ ತಡೀತದ ಎಂದು. ಅದನ್ನು ಹೇಳಿ ಅವರು ನಗಲು ನೋಡಿದರು. ನನ್ನ ತಲೆಯಲ್ಲಿ ಬೇರೆಯೇ ಕುದಿಯುತ್ತಿತ್ತು.

"ಗದ್ವಾಲಕ್ಕ ಹೋಗಾಗ ಕೆಡಂಗಿಲ್ಲ, ನನ್ನ ಕಡೆ ಬರೋ ದಿನಾನ ಕೆಡ್ತದಲ್ರೀ ನಿಮ್ಮ ಗಾಡಿ? ಬರೋ ಮನಸ್ಸಿದ್ರ ಹಿಂಗ ಆಗ್ತಿತ್ತೇನು?"

ಗುರುವಾರದ ದಾರಿಯೇ ಉದ್ದ, ಹೇರೂ ಹೆಚ್ಚು, ಸವೆದ ಪ್ಲೇಟು ಅವತ್ತೇ ಕೈಕೊಡುತ್ತದೆ ಎಂಬುದು ನನಗೇನು ಗೊತ್ತು. ಅವರು ತಟ್ಟೆಯಲ್ಲಿ ಕೈ ತೊಳೆದು ಎದ್ದರು. ಎದ್ದು ಹೋಗುವಾಗ ಎಡಗಾಲನ್ನು ಓರೆಯಾಗಿಟ್ಟು ನಡೆಯುತ್ತಿದ್ದರು. "ಕಾಲಿಗೇನಾತು?" ಎಂದೆ, ಸಿಟ್ಟಿನಲ್ಲಿಯೇ. "ಜಾಲಿ ಮುಳ್ಳು ಚುಚ್ಚ್ಯಾದ" ಎಂದರು. ಎರಡು ಮೈಲಿ ನಡೆದು ಬಂದವರಿಗೆ ಮುಳ್ಳು ಚುಚ್ಚದೆ ಏನು ಎಂದುಕೊಂಡೆ. ತೋರಿಸಿ ಎನ್ನಲಿಲ್ಲ. ಆ ಒಂದು ಮಾತು ಅವತ್ತು ಅನ್ನಲಿಲ್ಲವಲ್ಲ ಎಂದು ಈಗಲೂ ನನ್ನ ಮೇಲೆ ನನಗೇ ಕೋಪ ಬರುತ್ತದೆ.

ಶಿವರಾತ್ರಿಗೆ ರಾಯಚೂರಿಗೆ ಹೋದಾಗ ಗಾಡಿ ಇನ್ನೂ ಮಹಬೂಬ ಉಸ್ತಾದರ ಶೆಡ್ಡಿನಲ್ಲಿತ್ತು. ಉಸ್ತಾದರು ಆ ಗಾಡಿಯ ಮೆಕ್ಯಾನಿಕ್ಕು. ಅರವತ್ತರ ಸನಿಹ ವಯಸ್ಸು, ಮೆಹಂದಿ ಹಚ್ಚಿದ ಗಡ್ಡ, ದಾರ ಕಟ್ಟಿದ ಕನ್ನಡಕ. ಕೋಟೆ ಗೋಡೆಯ ಪಕ್ಕದಲ್ಲಿ ಅವರ ಶೆಡ್ಡು. ನಮ್ಮವರಿಗೆ ಬುತ್ತಿ ಕೊಡಲು ಹೋಗಿದ್ದೆ. ಉಸ್ತಾದರು ಸುಟ್ಟ ಪ್ಲೇಟನ್ನು ಎತ್ತಿ ನನ್ನ ಮುಂದೆ ಹಿಡಿದರು.

"ನೋಡು ಬೇಟಿ, ನಲವತ್ತು ವರ್ಷ ಆತು ಈ ಕೈಲೆ ಪ್ಲೇಟ್ ಹಾಕಾಕತ್ತೀನಿ. ನಾ ಹಾಕಿದ್ದು ಎರಡ್ ವರ್ಷಕ್ಕ ಕಮ್ಮಿ ಬಂದಿಲ್ಲ. ಇದು ಎರಡ್ ತಿಂಗಳಿಗಿ ಒಂದು ತಿಂತದ. ಬಸಣ್ಣ ಡ್ರೈವರ್ ಛಲೋ. ನನ್ನ ಕೈ ಭೀ ಛಲೋ. ಹಂಗಾರ ತಿನ್ನಾವ ಯಾರು?"

ಆ ಪ್ಲೇಟನ್ನು ಮುಟ್ಟಿ ನೋಡಿದೆ. ಬೆರಳು ಕಪ್ಪಾಯಿತು. ಮೊನ್ನೆ ಕಾರಿನಲ್ಲಿ ಬಂದ ಅದೇ ವಾಸನೆ. "ಉಸ್ತಾದ್, ಇನ್ನೊಮ್ಮಿ ಸುಟ್ರ ಸಾವುಕಾರ್ರು ಲೈನ್ ಬಂದ್ ಮಾಡ್ತಾರಂತ್ರಿ" ಎಂದೆ. ಅವರೂ ಹೆಣ್ಣು ಮಕ್ಕಳ ತಂದೆ. ಕನ್ನಡಕ ತೆಗೆದು ಒರೆಸಿಕೊಂಡು, "ಫಿಕರ್ ನಕ್ಕೋ ಬೇಟಿ. ಈ ಗುರುವಾರ ನಾನ ಬರ್ತೀನಿ ಗಾಡ್ಯಾಗ. ದೇವದುರ್ಗದಾಗ ನನ್ನ ಷಡ್ಡಕನ ಮನಿ ಅದ" ಎಂದರು.

ನಾನೂ ಒಂದು ದಿನ ರಜೆ ಹಾಕಿ ಅದೇ ಗಾಡಿಯಲ್ಲಿ ಹೊರಟೆ. ನನ್ನ ಟ್ರಂಕು, ಹಾಸಿಗೆಯ ಸುರುಳಿ ಹಿಂದೆ ಬಾಟ್ಲಿಗಳ ನಡುವೆ. ಮುಂದೆ ಮೂವರು. ಕಿಟಕಿಯ ಕಡೆ ನಾನು, ನಡುವೆ ಉಸ್ತಾದರು, ಆಚೆ ನಮ್ಮವರು. ಉಸ್ತಾದರು ದಾರಿ ನೋಡಲೇ ಇಲ್ಲ. ತಲೆ ತಗ್ಗಿಸಿ, ಕಿವಿ ಕೊಟ್ಟು, ಕಣ್ಣನ್ನು ಡ್ರೈವರನ ಕಾಲಿನ ಮೇಲೆ ನೆಟ್ಟು ಕೂತಿದ್ದರು. ಮಾನ್ವಿಯಲ್ಲಿ ಮಾಲು ಇಳಿಸಿ, ಚಹಾ ಕುಡಿದು, ಮತ್ತೆ ಹೊರಟು ಹಸಿರು ಗದ್ದೆಗಳ ನಡುವೆ ಸ್ವಲ್ಪ ದೂರ ಹೋಗಿರಬೇಕು. ಬಿಸಿಲು ಏರಿತ್ತು.

"ಬಸಣ್ಣ, ಗಾಡಿ ನಿಂದ್ರಸು."

ಕಾಲುವೆಯ ದಂಡೆಯಲ್ಲಿ ಒಂದು ಬೇವಿನ ಮರದ ಕೆಳಗೆ ನಿಂತಿತು. "ಎಡಗಾಲು ಎತ್ತು" ಎಂದರು ಉಸ್ತಾದರು. ಇವರು, "ಯಾಕ್ರೀ ಉಸ್ತಾದ್, ಬಿಡ್ರಿ" ಎಂದು ಕಾಲನ್ನು ಒಳಗೆ ಎಳೆದುಕೊಂಡರು. "ಎತ್ತಲೇ!" ಎಂದು ಗದರಿಸಿ ಉಸ್ತಾದರೇ ಕಾಲು ಹಿಡಿದು ಎತ್ತಿದರು. ಅಂಗಾಲು ನನ್ನ ಕಡೆ ತಿರುಗಿತು.

ಮುಳ್ಳಲ್ಲ. ಹಿಮ್ಮಡಿಯಿಂದ ನಡು ಅಂಗಾಲಿನವರೆಗೆ ಸುಟ್ಟ ಕಲೆ. ಒಂದು ಬೊಕ್ಕೆ ಒಣಗಿ ಕಪ್ಪಾಗಿದೆ, ಅದರ ಪಕ್ಕಕ್ಕೆ ಇನ್ನೊಂದು ಹೊಸದು ಎದ್ದಿದೆ. ಉಸ್ತಾದರು ಕೆಳಗೆ ಬಗ್ಗಿ ಪೆಡಲಿನ ಪಕ್ಕದ ತಗಡಿನ ಮೇಲೆ ತಮ್ಮ ಅಂಗೈ ಇಟ್ಟರು. ಇಟ್ಟವರೇ, "ಯಾ ಅಲ್ಲಾ!" ಎಂದು ಕೈ ಹಿಂದಕ್ಕೆಳೆದುಕೊಂಡರು. ಕೆಳಗೇ ಸೈಲೆನ್ಸರಿನ ಕೊಳವೆ ಹಾದಿತ್ತು. ಗಾಡಿ ಒಂದು ತಾಸು ಓಡಿದರೆ ಆ ತಗಡು ರೊಟ್ಟಿ ಹೆಂಚು.

"ಇಲ್ಲೊಂದು ಹಾಸು ಇತ್ತಲ್ಲೋ, ನಾನ ಟೈರ್ ಕೊಯ್ದು ಹಾಕಿದ್ದು. ಅದೆಲ್ಲದ?"

ಇವರು ಕಾಲುವೆಯ ಕಡೆ ನೋಡುತ್ತಾ ಹೇಳಿದರು. "ಹಳೇದಾಗಿತ್ತು ಉಸ್ತಾದ್. ಹೋತು."

"ಚಪ್ಪಲಿ?"

"ಇರಲಿ ಬಿಡ್ರಿ. ರೂಢಿ ಆಗ್ಯಾದ."

ಅಷ್ಟೇ. ನನ್ನ ಹೆಸರು ಎತ್ತಲಿಲ್ಲ. ನಾನೇ ಹೇಳಿದೆ. "ನಾನ ಒಗದೀನ್ರಿ ಉಸ್ತಾದ್. ಮಾನೌಮಿ ದಿನ. ಚಪ್ಪಲಿ ಹಾಕಬ್ಯಾಡ್ರಿ ಅಂದಾಕಿನೂ ನಾನ."

ಉಸ್ತಾದರು ನನ್ನನ್ನು ನೋಡಿದರು, ಅವರನ್ನು ನೋಡಿದರು, ಹಣೆ ಬಡಿದುಕೊಂಡರು. ಆಮೇಲೆ ನಿಧಾನವಾಗಿ, ನಾನು ಮಕ್ಕಳಿಗೆ ಕಳೆಯುವ ಲೆಕ್ಕ ಹೇಳಿದ ಹಾಗೆ ಹೇಳಿದರು. ಕೆಳಗೆ ತಗಡು ಕಾದಿದೆ, ಬರಿಗಾಲು ಊರಲು ಜಾಗವಿಲ್ಲ. ಬಲಗಾಲಿಗೆ ಎಕ್ಸಲೇಟರು ಇದೆ. ಎಡಗಾಲು ಎಲ್ಲಿ ಹೋಗಬೇಕು? ಕ್ಲಚ್ ಪೆಡಲಿನ ಮೇಲೆ ಹೋಗಿ ಕೂರುತ್ತದೆ. ಡ್ರೈವರಿಗೇ ಗೊತ್ತಾಗದಷ್ಟು ಹಗುರವಾಗಿ ಕೂತರೂ ಸಾಕು, ಪ್ಲೇಟು ಪೂರ್ತಿ ಹಿಡಿಯುವುದಿಲ್ಲ, ಜಾರುತ್ತಲೇ ಇರುತ್ತದೆ. ಜಾರಿದ್ದು ಸುಡುತ್ತದೆ. "ಗಾಡಿ ಪ್ಲೇಟ್ ತಿಂದಿಲ್ಲ ಬೇಟಿ" ಎಂದರು. "ಈ ಕಾಲು ತಿಂದಾದ."

ಅಯ್ಯೋ ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ! ಎಸರು ಬತ್ತಿಸಿಕೊಂಡು ಕೂತ ಆ ಗುರುವಾರಗಳನ್ನೆಲ್ಲ ನಾನೇ ತಿಪ್ಪೆಗೆ ಎಸೆದಿದ್ದೆ. ಬರುವ ಮನಸ್ಸಿಲ್ಲ ಎಂದೆನಲ್ಲ, ಅವರು ವಾರವಾರವೂ ಕಾದ ಹೆಂಚಿನ ಮೇಲೆ ಕಾಲಿಟ್ಟುಕೊಂಡು ಬರುತ್ತಿದ್ದರು.

"ಯಾಕ್ರೀ ಹೇಳಲಿಲ್ಲ?" ಎಂದು ಕೇಳಿದೆ. ಅಳು ಬಂದಿತ್ತು, ಸಿಟ್ಟೂ ಬಂದಿತ್ತು. "ಬಾಯಿ ಇರಲಿಲ್ಲೇನ್ರಿ ನಿಮಗ?"

ಅವರು ತಲೆ ಕೆರೆದುಕೊಂಡರು. "ನೀ ಎಷ್ಟು ಆಸಿಲೆ ತೊಳದು ಕುಂಕುಮ ಹಚ್ಚಿದ್ದಿ. ಹೆಂಗ ಹೇಳ್ಲಿ? ಮತ್ತ ಪ್ಲೇಟು ಇದಕ್ಕ ಸುಡ್ತದಂತ ನನಗೂ ಗೊತ್ತಿದ್ದಿಲ್ಲ. ಕಾಲು ಸುಟ್ರ ನನ್ನದ ಸುಡ್ತದ, ಅದಕ್ಕೇನು ಅಂದ್ಕೊಂಡೆ."

ಉಸ್ತಾದರು ಎದ್ದು, ಎಂಜಿನ್ನು ನೋಡುತ್ತೇನೆ ಎಂದು ಬಾನೆಟ್ಟು ಎತ್ತಿ ಅದರ ಮರೆಗೆ ಹೋದರು. ಎಂಜಿನ್ನಿನಲ್ಲಿ ನೋಡುವುದು ಏನೂ ಇರಲಿಲ್ಲ ಎಂದು ನನಗೆ ಗೊತ್ತು. ನಾನು ಕಾಲುವೆಯಲ್ಲಿ ಸೆರಗು ತೋಯಿಸಿಕೊಂಡು ಬಂದು ಆ ಅಂಗಾಲಿಗೆ ಒತ್ತಿದೆ. "ಏ ಬಿಡ, ಯಾರರೆ ನೋಡ್ಯಾರು" ಎಂದರು. "ನೋಡ್ಲಿ" ಎಂದೆ. ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ನಿಜವಾಗಿಯೂ ನೋಡುತ್ತಿದ್ದರು.

ಆಮೇಲೆ ನನ್ನ ಹಾಸಿಗೆಯ ಸುರುಳಿ ಬಿಚ್ಚಿ ಕೌದಿ ತೆಗೆದೆ. ನನ್ನವ್ವ ತನ್ನ ಹಳೆಯ ಇಳಕಲ್ ಸೀರೆಗಳ ತುಂಡುಗಳನ್ನೆಲ್ಲ ಕೂಡಿಸಿ, ಒಂದು ಬೇಸಿಗೆ ಪೂರ್ತಿ ಕೂತು, ಮದುವೆಗೆಂದು ಹೊಲಿದುಕೊಟ್ಟ ಕೌದಿ. ಉಸ್ತಾದರು ಬಾನೆಟ್ಟಿನ ಮರೆಯಿಂದ ನೋಡಿದವರು, "ಅರೆ ಬೇಟಿ, ನಕ್ಕೋ! ತಾಯಿ ಹೊಲದದ್ದು ಕತ್ತರಿಸಬ್ಯಾಡ" ಎಂದರು. ಅವರ ಪೆಟ್ಟಿಗೆಯಿಂದ ಬ್ಲೇಡು ತೆಗೆದುಕೊಂಡು ನಾನೇ ಮೂಲೆಯಿಂದ ಒಂದು ತುಂಡು ಕೊಯ್ದೆ. ಉಸ್ತಾದರು ಸೋಡಾ ಪೆಟ್ಟಿಗೆಯೊಂದರ ಹಲಗೆ ಕಿತ್ತು, ಎರಡು ರೀಪಿನ ಮೇಲೆ ಬಡಿದು, ತಗಡಿಗೆ ತಾಗದಂತೆ ಪೆಡಲಿನ ಎಡಕ್ಕೆ ಕೂರಿಸಿದರು. ಅದರ ಮೇಲೆ ನಾನು ಕೌದಿಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಹಾಸಿದೆ.

"ಲಕ್ಷ್ಮಿಗಿ ಗಾದಿ ಸಿಕ್ಕಂಗಾತು" ಎಂದು ಉಸ್ತಾದರು ನಕ್ಕರು. "ಇಡಪ್ಪ ಬಸಣ್ಣ, ಕಾಲು ಇಡು."

ಅವರು ಕಾಲು ಇಟ್ಟರು. ಊರಲು ಹೆದರಿ ಎರಡು ಸಲ ಎತ್ತಿಕೊಂಡು, ಮೂರನೆಯ ಸಲ ಊರಿದರು. ಅವರ ಮುಖ ಅವತ್ತು ಸಡಿಲವಾದದ್ದನ್ನು ನೋಡಿದಾಗ, ಇಷ್ಟು ತಿಂಗಳು ಅದು ಬಿಗಿದಿತ್ತೆಂದು ನನಗೆ ತಿಳಿಯಿತು.

ಯುಗಾದಿ ಬಂತು. ರಾಯಚೂರಿನ ಬೇಸಿಗೆ ಬಂತು, ಅದನ್ನು ನಾನು ವರ್ಣಿಸಬೇಕಾಗಿಲ್ಲ. ಪ್ಲೇಟಿಗೆ ಏನೂ ಆಗಲಿಲ್ಲ. ಗುರುವಾರ ಮೂರು ಗಂಟೆಗೆ ಧಡಧಡ, ಶುಕ್ರವಾರ ಬೆಳಿಗ್ಗೆ ಘಲಘಲ. ಆ ಪ್ಲೇಟು ಎರಡು ವರ್ಷ ದಾಟಿ ಬಂತು, ಉಸ್ತಾದರು ಹೇಳಿದ ಹಾಗೆಯೇ.

ಮೂರು ವರ್ಷವಾದ ಮೇಲೆ ನನಗೆ ರಾಯಚೂರಿಗೆ ವರ್ಗವಾಯಿತು. ಅಂಗಡಿಗಳಲ್ಲಿ ಬಣ್ಣಬಣ್ಣದ ತಂಪು ಬಾಟ್ಲಿಗಳು ಬಂದು ಗೋಲಿ ಸೋಡಾ ಕೇಳುವವರಿಲ್ಲದಾದಾಗ ಫ್ಯಾಕ್ಟರಿ ಮುಚ್ಚಿತು. ಗಾಡಿ ಗುಜರಿಗೆ ಹೋಯಿತು. ಅವತ್ತು ಅವರು ಮನೆಗೆ ತಂದದ್ದು ಎರಡೇ, ಪೇಪರಿನಲ್ಲಿ ಸುತ್ತಿದ ಚಪ್ಪಲಿ ಮತ್ತು ಆ ಕೌದಿಯ ತುಂಡು. ಬೇರೆ ಕಡೆ ಬೇರೆ ಗಾಡಿ ಓಡಿಸಿದರು. ದಿನವೂ ಸಂಜೆ ಮನೆಗೆ ಬಂದರು. ಮೂವತ್ತೈದು ವರ್ಷ ಒಂದೇ ಸೂರಿನ ಕೆಳಗೆ ಇದ್ದೆವು. ಸುಖವಾಗಿಯೇ ಇದ್ದೆವು. ಆದರೂ ಸುಳ್ಳೇಕೆ ಹೇಳಲಿ, ಅಂಥ ಗುರುವಾರ ಮತ್ತೆ ಬರಲಿಲ್ಲ. ದಿನವೂ ಮನೆಗೆ ಬರುವ ಗಂಡನನ್ನು ಯಾರು ಕಿವಿಗೊಟ್ಟು ಕಾಯುತ್ತಾರೆ? ಸಾರಿಗೆ ಉಪ್ಪು ಕಡಿಮೆಯಾಯಿತೆಂದು ಜಗಳ ಮಾಡುತ್ತಾರೆ. ನಾವೂ ಮಾಡಿದೆವು.

ಒಂದು ರೂಢಿ ಮಾತ್ರ ಅವರನ್ನು ಬಿಡಲಿಲ್ಲ. ಕುರ್ಚಿಯಲ್ಲಿ ಕೂತರೆ ಎಡಗಾಲಿನ ಹಿಮ್ಮಡಿ ನೆಲದಿಂದ ಎರಡು ಬೆರಳು ಮೇಲೆಯೇ. ಮಲಗಿದರೂ ಮೊಣಕಾಲು ಮಡಿಚಿ ಅಂಗಾಲನ್ನು ಅರ್ಧ ಎತ್ತಿಯೇ. "ಇನ್ನೂ ಕಾಯಾಕತ್ತದೇನ್ರಿ ತಗಡು?" ಎಂದು ನಾನು ಕೆಣಕಿದರೆ, "ಅಕ್ಕೋರು ತೊಳದದ್ದು, ಆರಬೇಕಲ" ಎನ್ನುತ್ತಿದ್ದರು.

ಅವರು ಹೋಗಿ ಆರು ವರ್ಷವಾಯಿತು. ಅವತ್ತು ಹಿರಿಯರು ಬಂದು ಕಾಲಿನ ಹೆಬ್ಬೆರಳುಗಳನ್ನು ಕೂಡಿಸಿ ಕಟ್ಟುವ ಮೊದಲು, ಸ್ವಲ್ಪ ತಡೆಯಿರಿ ಎಂದು ನಾನು ಟ್ರಂಕಿನಿಂದ ಕೌದಿಯ ತುಂಡು ತಂದು ಎಡಗಾಲಿನ ಕೆಳಗೆ ಹಾಸಿದೆ. ಕಪ್ಪು ಕಲೆ ಹಾಗೆಯೇ ಇತ್ತು. ಕಾಲನ್ನು ಅಂಗೈಯಲ್ಲಿ ಹಿಡಿದು ಕೆಳಗಿಟ್ಟೆ. ಅದು ಏಳಲಿಲ್ಲ. ಪೂರ್ತಿ ಭಾರ ಬಿಟ್ಟು ಕೂತಿತು. ಆಗಲೇ ನನಗೆ ಅವರು ಇಲ್ಲವೆಂದು ಖಾತ್ರಿಯಾದದ್ದು.

ಕಾರು ದೇವದುರ್ಗ ಮುಟ್ಟಿತು. ಶಾಲೆಯ ಮುಂದೆ ಹಾದು ಹೋಗುವಾಗ ನಿಲ್ಲಿಸಲು ಹೇಳಿ ಕೆಳಗಿಳಿದೆ. ನಮ್ಮ ತಗಡಿನ ತರಗತಿ ಹೋಗಿ ಎರಡಂತಸ್ತಿನ ಕಟ್ಟಡ ಬಂದಿದೆ. ಕಿಟಕಿ ಇದ್ದ ಜಾಗದಲ್ಲಿ ಸ್ವಲ್ಪ ಹೊತ್ತು ರಸ್ತೆಯ ಕಡೆ ಮುಖ ಮಾಡಿ ನಿಂತೆ. ಮೂರು ಗಂಟೆಯಾಗಿತ್ತು. ಡ್ರೈವರು ನೀರಿನ ಬಾಟ್ಲಿ ಹಿಡಿದು ಹತ್ತಿರ ಬಂದ.

"ಅಮ್ಮಾ, ಹೇಳಲಿಲ್ಲಲ್ರೀ. ನಿಮಗ ಗಾಡಿ ಬರ್ತದೇನು?"

"ಗಾಡಿ ಬರಂಗಿಲ್ಲಪ್ಪ" ಎಂದೆ. "ಇಲ್ಲಿ ನಿಂತು ದಾರಿ ನೋಡಾಕ ಬರ್ತಿತ್ತು, ಅಷ್ಟ."

ಅವನು ನಾನು ನೋಡುತ್ತಿದ್ದ ಕಡೆಗೇ ತಿರುಗಿ ನೋಡಿದ. ರಸ್ತೆಯ ಮೇಲೆ ಯಾವ ಗಾಡಿಯೂ ಇರಲಿಲ್ಲ.